ಭೀಮಾತೀರದ ಹೆಸರಿನಲ್ಲಿ ಬರೆದ ಕಾಗದ

ಮುಂದೆ 1801ರಲ್ಲಿ ಅಮೆರಿಕದ ಅಧ್ಯಕ್ಷಪದವಿಯನ್ನೇರಲಿದ್ದ ಥಾಮಸ್ ಜೆಫರ್ಸನ್ನನು 1788ರಲ್ಲಿ ತನ್ನ ದೇಶದ ಪ್ರತಿನಿಧಿಯಾಗಿ ಪ್ಯಾರಿಸ್ಸಿನಲ್ಲಿದ್ದಾಗ, ಟಿಪ್ಪು ಸುಲ್ತಾನನ ರಾಯಭಾರಿಗಳು ಆ ನಗರಕ್ಕೆ ಬಂದ ಸಮಾಚಾರವನ್ನು ಪತ್ರವೊಂದರಲ್ಲಿ ತಿಳಿಸಿ, ಆಡಂಬರವನ್ನುಳಿದು ಬೇರೆ ಉದ್ದೇಶವೇನಾದರೂ ಅವರಿಗಿದ್ದರೆ ಅದಿನ್ನೂ ಪ್ರಕಟವಾಗಿಲ್ಲವೆಂಬ ಭಾವವನ್ನು ಸೂಚಿಸಿದ್ದನು. ಉದ್ದೇಶವೇನೋ ಇದ್ದಿತು: ಇಂಗ್ಲಿಷರ ವಿರುದ್ಧ ಫ್ರೆಂಚರ ಸೈನ್ಯಸಹಾಯ. ಹದಿನಾರನೆಯ ಲೂಯಿ ಅವರನ್ನು ವೈಭವದಿಂದ ಸತ್ಕರಿಸಿದನು. ಸೈನ್ಯವನ್ನು ಮಾತ್ರ ಕೊಡಲಿಲ್ಲ. ಆ ಬಳಿಕ ನಡೆದ ಯುದ್ಧದಲ್ಲಿ ಹೈದರಾಬಾದಿನ ನಿಜಾಮನು ಇಂಗ್ಲಿಷರ ಪಕ್ಷವನ್ನು ಹಿಡಿದು ಟಿಪ್ಪುವಿನ ಮೇಲೆ ದಂಡೆತ್ತಿ ಬಂದನೆಂಬುದನ್ನು ಇಲ್ಲಿ ನೆನೆಯಬೇಕು; ಏಕೆಂದರೆ ಟಿಪ್ಪುವಿನ ಆ ರಾಯಭಾರದಿಂದ ಸರಿಯಾಗಿ 160 ವರ್ಷಗಳ ತರುವಾಯ ಪರದೇಶದ ಬಾಗಿಲನ್ನು ತಟ್ಟುವ ಸರದಿ ಅದೇ ನಿಜಾಮ ವಂಶಕ್ಕೆ ಒದಗಿತು.

1948ರಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ತಮ್ಮ ರಾಜ್ಯಕ್ಕೂ ಭಾರತಕ್ಕೂ ಉಂಟಾದ ವಿವಾದದಲ್ಲಿ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ನರ ಮಧ್ಯಸ್ಥಿಕೆಯನ್ನು ಕೋರಿದರು. ಅದು ಫಲಿಸಲಿಲ್ಲ. ಹಿಂದಿನ ವರ್ಷದ ನವೆಂಬರ್ 29ರಂದು ಭಾರತದೊಡನೆ ಮಾಡಿಕೊಂಡಿದ್ದ ಯಥಾಸ್ಥಿತಿ ಒಪ್ಪಂದದ ಕಾಗದಕ್ಕೂ ಅವರದೇ ಸಹಿ ಬಿದ್ದಿತ್ತು. ರಾಜ್ಯವೆಂದರೆ ತಾವೊಬ್ಬರೇ ಎಂಬ ಭಾವನೆಯಲ್ಲಿ ಬೆಳೆದ ಪ್ರಭುವಿಗೆ ಹೀಗೆ ತಮ್ಮೊಬ್ಬರ ಸಹಿಯಲ್ಲೇ ವ್ಯವಹರಿಸುವುದು ಸಹಜವಾಗಿಯೇ ತೋರಿರಬೇಕು. ಆದರೆ ಅವರು ಯಾರ ಹೆಸರಿನಲ್ಲಿ ಜಗತ್ತಿಗೆ ಮೊರೆಯಿಟ್ಟರೋ ಆ ಜನರ ಸ್ಥಿತಿಯನ್ನು ಅರಿಯಬೇಕಾದರೆ ನಾವು ಹೈದರಾಬಾದಿನ ದೇವಡಿಗಳನ್ನು, ಅಂದರೆ ಶ್ರೀಮಂತರ ಮಹಲುಗಳನ್ನು, ಬಿಟ್ಟು ಭೀಮಾತೀರಕ್ಕೆ ಬರಬೇಕು.

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ಸೀಮೆಗಳೂ ಇಂದು ಕಲಬುರಗಿಯೆನಿಸಿದ ಗುಲ್ಬರ್ಗ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣದ ಅಂಚಿನಲ್ಲಿವೆ. ಆಳಂದದ ಕಡೆಯಿಂದ ಹರಿದು ಬರುವ ಅಮರಜೆಯು ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ದತ್ತಾತ್ರೇಯನ ದರ್ಶನಕ್ಕೆ ಬರುವವರಿಗೂ, ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ ನಡೆದುಕೊಳ್ಳುವವರಿಗೂ ಸೊಲ್ಲಾಪುರ, ವಿಜಾಪುರಗಳು ನೆರೆಮನೆಯಂತಿದ್ದವು. ಆದರೂ ಹೊಳೆಯಾಚೆಯ ಸಿಂದಗಿ, ಇಂಡಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಈಚೆಯ ನೆಲ ನಿಜಾಮರದು. ಆಳಂದ, ಅಫಜಲಪುರಗಳು ಪಾಯಗಾ ಎಂಬ ಶ್ರೀಮಂತ ಮನೆತನದ ಜಹಗೀರಿಗೆ ಸೇರಿದ್ದುದರಿಂದ ಅಲ್ಲಿಯ ರೈತನಿಗೆ ನಿಜಾಮರ ಮೇಲಧಿಕಾರದ ಕೆಳಗೆ ಇನ್ನೊಬ್ಬ ಒಡೆಯನೂ ಇದ್ದನು. ಇಂದಿನ ಜೇವರ್ಗಿಯ ಸೀಮೆಯನ್ನು ಅಂದು ಆಂದೋಲ ತಾಲೂಕೆಂದು ಕರೆಯುತ್ತಿದ್ದರು. ಗಡಿಯ ದಾರಿಯಲ್ಲಿ ಕರೋಡಗಿರಿ ನಾಕೆ, ಅಂದರೆ ಸುಂಕದ ಠಾಣೆ. ಆಚೆಯಿಂದ ಬಟ್ಟೆಯ ಗಂಟನ್ನು ತಂದವನು ಅಲ್ಲಿ ಅದನ್ನು ಬಿಚ್ಚಿ ತೋರಿಸಬೇಕು, ಕೈಯಲ್ಲಿದ್ದ ಬ್ರಿಟಿಷ್ ಭಾರತದ ಕಲ್ದಾರ್ ರೂಪಾಯಿಯನ್ನು ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾಕ್ಕೆ ಬದಲಿಸಿಕೊಳ್ಳಬೇಕಾಗಿತ್ತು. ನಿಜಾಮರ ಅಂಚೆಚೀಟಿಯೂ ಅವರ ಸೀಮೆಯೊಳಗೆ ಮಾತ್ರ ಚಲಾವಣೆಯಲ್ಲಿದ್ದುದರಿಂದ, ಅದನ್ನು ಹಚ್ಚಿದ ಕಾಗದವು ಹೊಳೆಯಾಚೆಯ ನಂಟನನ್ನು ಮುಟ್ಟುವಂತಿರಲಿಲ್ಲ. ಕಚೇರಿಯ ಭಾಷೆ ಉರ್ದು. ಮನೆಯ ಮತ್ತು ಹೊಲದ ಭಾಷೆ ಕನ್ನಡ. ತನ್ನ ಹೊಲದ ಪತ್ರವನ್ನು ಪರರಿಂದ ಓದಿಸಿಕೊಳ್ಳಬೇಕಾಗಿದ್ದ ಒಕ್ಕಲಿಗನ ಪರವಾಗಿ ವಾಷಿಂಗ್ಟನ್ನಿಗೆ ಮಾತು ಹೋಯಿತೆಂಬುದನ್ನು ನೆನೆದರೆ ಮನಸ್ಸಿಗೆ ನೋವಾಗುತ್ತದೆ.

ಈ ಜನರ ನಿಜವಾದ ಪ್ರತಿನಿಧಿ ಸೆರೆಮನೆಯಲ್ಲಿದ್ದರು. ಅಫಜಲಪುರ ಸೀಮೆಯ ಚಿನಮಳ್ಳಿಯ ಮನೆತನದವರಾಗಿ, 1903ರಲ್ಲಿ ಸಿಂದಗಿಯಲ್ಲಿ ಜನಿಸಿದ ವೆಂಕಟೇಶ ಖೇಡಗೀಕರರು ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಬಳಿ ದುಡಿದು, ರಾಷ್ಟ್ರೀಯ ಶಾಲೆಯಲ್ಲಿ ಉಪಾಧ್ಯಾಯರಾಗಿ, ಸನ್ಯಾಸವನ್ನು ಸ್ವೀಕರಿಸಿ ಸ್ವಾಮಿ ರಾಮಾನಂದ ತೀರ್ಥರೆನಿಸಿದರು. ಹೊಳೆಯ ಎರಡು ದಡಗಳಿಗೂ ಸೇರಿದ ಅವರ ಹುಟ್ಟೇ ಆ ಗಡಿಗೆ ಉತ್ತರದಂತಿದ್ದಿತೆಂದು ನನಗೆ ತೋರುತ್ತದೆ. 1938ರಲ್ಲಿ ನಿಷೇಧಕ್ಕೊಳಗಾಗಿ 1946ರಲ್ಲಿ ಬಿಡುಗಡೆ ಹೊಂದಿದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿಗೆ ಅವರು ಅಧ್ಯಕ್ಷರಾದರು. 1947ರ ಆಗಸ್ಟ್ 7ರಂದು ಭಾರತದಲ್ಲಿ ವಿಲೀನವಾಗಬೇಕೆಂಬ ಚಳವಳಿ ಆರಂಭವಾಯಿತು. 15ರಂದು ಅವರ ಬಂಧನವಾಯಿತು. ನಡುವೆ ಅಲ್ಪಕಾಲದ ಬಿಡುಗಡೆಯನ್ನುಳಿದರೆ ಅವರು ಹೊರಬಂದದ್ದು ರಾಜ್ಯದ ವಿಮೋಚನೆಯೊಡನೆಯೇ. ಅತ್ತ ಗಡಿಯಾಚೆಯ ಊರುಗಳಲ್ಲಿ ಶಿಬಿರಗಳು ಎದ್ದವು. ನಿಜಾಮರ ಪಕ್ಷದ ಸಶಸ್ತ್ರ ಸ್ವಯಂಸೇವಕರಾದ ರಜಾಕಾರರ ಹಾವಳಿಗೆ ಬೆದರಿ ಮನೆಮಠ ಬಿಟ್ಟವರು ಅಲ್ಲಿ ಆಶ್ರಯ ಪಡೆದರು. ತರುಣರು ರಾತ್ರಿಯಲ್ಲಿ ಗಡಿ ದಾಟಿ ಬಂದು ಕರೋಡಗಿರಿ ನಾಕೆಗಳಿಗೆ ಬೆಂಕಿಯಿಟ್ಟರು. ಹೊರಜಗತ್ತಿಗೆ ಅವರು ಬರೆದ ಅಹವಾಲೆಂದರೆ ಅದೇ.

ಟ್ರೂಮನ್ನರ ಬಾಗಿಲು ತೆರೆಯದಿರಲು, 1948ರ ಆಗಸ್ಟ್ 21ರಂದು ಹೈದರಾಬಾದ್ ಸರಕಾರವು ವಿಶ್ವಸಂಸ್ಥೆಯ ಭದ್ರತಾಮಂಡಲಿಗೆ ದೂರಿತ್ತಿತು. ಆ ಮಂಡಲಿ ಅಂದು ಸಭೆ ಸೇರಿದುದು ಟಿಪ್ಪುವಿನ ರಾಯಭಾರಿಗಳು ಹೋಗಿದ್ದ ಪ್ಯಾರಿಸ್ಸಿನಲ್ಲಿಯೇ. ಮೊಯಿನ್ ನವಾಜ್ ಜಂಗರ ದೂತಮಂಡಲಿಯ ವಾದವನ್ನು ಅದು ಸೆಪ್ಟೆಂಬರ್ 16ರಂದು ಕೇಳತೊಡಗುವ ವೇಳೆಗೆ ಭಾರತದ ಸೈನ್ಯವು ರಾಜ್ಯವನ್ನು ಪ್ರವೇಶಿಸಿ ಮೂರು ದಿನಗಳಾಗಿದ್ದವು; ಮರುದಿನವೇ ನಿಜಾಮರು ಶರಣಾಗತಿಯನ್ನು ಸಾರಿದರು; 22ರಂದು ದೂರನ್ನು ಹಿಂತೆಗೆದುಕೊಂಡುದಾಗಿ ಮಂಡಲಿಗೆ ತಂತಿ ಕಳುಹಿದರು.

1952ರ ಪ್ರಥಮ ಸಾರ್ವತ್ರಿಕ ಚುನಾವಣೆಯಲ್ಲಿ ಗುಲ್ಬರ್ಗದ ಮತದಾರರು ರಾಮಾನಂದ ತೀರ್ಥರನ್ನು ಲೋಕಸಭೆಗೆ ಆರಿಸಿ ಕಳುಹಿಸಿದರು; 1956ರ ನವೆಂಬರ್ 1ರಂದು ಆ ಜಿಲ್ಲೆಯೂ ಆಚೆಯ ವಿಜಾಪುರವೂ ಮೈಸೂರು ರಾಜ್ಯವನ್ನು ಸೇರಿದಾಗ ಇಲ್ಲಿಯ ಭೀಮೆಯ ಎರಡು ದಡಗಳೂ ಒಂದೇ ಆಡಳಿತಕ್ಕೊಳಪಟ್ಟು, ಸಿಂದಗಿಗೂ ಜೇವರ್ಗಿಗೂ ನಡುವೆ ರಾಜ್ಯದ ಗಡಿ ಎಂಬುದೇ ಉಳಿಯಲಿಲ್ಲ.