ಏರ್ ಡ್ಯಾಮು, ರೋಡ್ ಹಂಪು ಮತ್ತು ಒಂದು ಹ್ಯಾಕ್ಸಾ ಬ್ಲೇಡು

ಭಾನುವಾರ ಬೆಳಿಗ್ಗೆ ನಮ್ಮ ಹೇರೋಹಳ್ಳಿಯ ಕ್ರಾಸುಗಳಲ್ಲಿ ಗಾಡಿ ತೊಳೆಯೋದು ಒಂದು ಹಬ್ಬ ಇದ್ದ ಹಾಗೆ. ಹೋದ ತಿಂಗಳು ಪಕ್ಕದ ಕ್ರಾಸಿನ ಅಂಕಲ್ ಮಾತ್ರ ಬಕೆಟ್ಟು ಬಟ್ಟೆ ಎಲ್ಲ ಬಿಟ್ಟು, ಹ್ಯಾಕ್ಸಾ ಬ್ಲೇಡು ಹಿಡಿದು ತಮ್ಮ ಪಿಕಪ್ ಮುಂದೆ ಅಂಗಾತ ಮಲಗಿದ್ದರು. ಬಂಪರ್ ಕೆಳಗೆ ಉದ್ದಕ್ಕೂ ಇಳಿಬಿದ್ದಿರುತ್ತಲ್ಲ ಕಪ್ಪು ಪ್ಲಾಸ್ಟಿಕ್ ಪಟ್ಟಿ, ಅದನ್ನು ಕುಯ್ಯುತ್ತಿದ್ದರು.

"ಏನ್ ಅಂಕಲ್ ಇದು, ಹೊಸ ಗಾಡಿ ಅಲ್ವಾ?" ಅಂದೆ.

"ಇನ್ನೇನ್ ಮಾಡ್ಲಪ್ಪ, ಹಂಪ್ ಸಿಕ್ಕಿದಾಗೆಲ್ಲ ಕರಾಕರಾ ಅಂತದೆ. ಶೋರೂಮಿನೋರು ನಿಧಾನಕ್ಕೆ ಓಡಿಸಿ ಸಾರ್ ಅಂತಾರೆ. ಇನ್ನೂ ನಿಧಾನ ಅಂದ್ರೆ ಇಳಿದು ತಳ್ಕೊಂಡೇ ಹೋಗ್ಬೇಕು!"

ಆ ಪಟ್ಟಿಗೆ ಏರ್ ಡ್ಯಾಮ್ ಅಂತ ಹೆಸರು. ನೀರಿಗೆ ಕಟ್ಟೋದು ಕನ್ನಂಬಾಡಿ ಕಟ್ಟೆ, ಗಾಳಿಗೆ ಕಟ್ಟೋದು ಇದು. ಅಂಕಲ್ ಕುಯ್ಯುತ್ತಿದ್ದ ಪ್ಲಾಸ್ಟಿಕ್ಕಿಗೂ, ಅದನ್ನು ಕುಯ್ಯಲು ಕಾರಣವಾದ ಹಂಪಿಗೂ ಬೇರೆ ಬೇರೆ ಇತಿಹಾಸ ಇದೆ. ಒಂದು ರೇಸ್ ಟ್ರ್ಯಾಕಿನಿಂದ ಬಂದದ್ದು, ಇನ್ನೊಂದು ಒಬ್ಬ ನೊಬೆಲ್ ವಿಜ್ಞಾನಿಯ ಕೈಯಿಂದ. ಎರಡೂ ಬಂದು ಡಿಕ್ಕಿ ಹೊಡೆದದ್ದು ಮಾಗಡಿ ರೋಡಿನ ಪಕ್ಕದ ನಮ್ಮಂಥ ಬಡಾವಣೆಗಳಲ್ಲಿ.

ಮೊದಲು ಗಾಳಿಯ ಕತೆ. ಕಾರಿನ ಮೇಲ್ಭಾಗವನ್ನು ಮೀನಿನ ಹಾಗೆ ನುಣುಪು ಮಾಡಬೇಕು ಅನ್ನೋ ಯೋಚನೆ ಹಳೇದು. ಜೆಪ್ಪೆಲಿನ್ ಆಕಾಶನೌಕೆಗಳ ಮೇಲೆ ಕೆಲಸ ಮಾಡಿದ್ದ ಪೌಲ್ ಯಾರಾಯ್ 1920ರ ದಶಕದಲ್ಲೇ ಅಂಥ ಕಾರುಗಳ ವಿನ್ಯಾಸ ಮಾಡಿದ್ದರು. 1934ರಲ್ಲಿ ಯುರೋಪಿನಲ್ಲಿ ಟಾಟ್ರಾ 77, ಅಮೆರಿಕದಲ್ಲಿ ಕ್ರೈಸ್ಲರ್ ಏರ್‌ಫ್ಲೋ ಬಂದವು. (ಎರಡನೆಯದನ್ನು ಜನ ಕೊಳ್ಳಲೇ ಇಲ್ಲ, ಪಾಪ.) ಮೇಲೆ ಎಷ್ಟು ನುಣುಪು ಮಾಡಿದರೂ ಹೊಟ್ಟೆಯ ಅಡಿ ಹಾಗೇ ಉಳಿಯಿತು. ಆಕ್ಸಲ್, ಸೈಲೆನ್ಸರ್ ಪೈಪು, ಚಾಸಿಯ ಅಡ್ಡಪಟ್ಟಿ, ಇದಕ್ಕೆಲ್ಲ ಗಾಳಿ ಸಿಕ್ಕಿಕೊಂಡು ಒದ್ದಾಡುತ್ತೆ. ವೇಗ ಜಾಸ್ತಿ ಆದರೆ ಅದೇ ಗಾಳಿ ಮೂತಿಯನ್ನು ಮೇಲಕ್ಕೆತ್ತಿ ಮುಂದಿನ ಚಕ್ರದ ಹಿಡಿತ ಸಡಿಲ ಮಾಡುತ್ತೆ. 1960ರ ದಶಕದ ಕೊನೆಯ ಹೊತ್ತಿಗೆ ರೇಸಿನವರು ಇದಕ್ಕೊಂದು ಸುಲಭ ಉಪಾಯ ಕಂಡುಕೊಂಡಿದ್ದರು: ಗಾಳಿ ಕೆಳಗೆ ನುಗ್ಗದ ಹಾಗೆ ಗಲ್ಲದ ಕೆಳಗೊಂದು ತಡೆ. 1972ರ ಪೋರ್ಶೆ 911 ಎಸ್ ಕಾರಿನಲ್ಲಿ ಅಂಥದ್ದೊಂದು ಚಿಕ್ಕ ಗಲ್ಲ ಕಂಪನಿಯಿಂದಲೇ ಬಂತು.

ಅದು ಹಾಗೇ ಶೋಕಿಯವರ ಸೊತ್ತಾಗಿ ಉಳಿಯುತ್ತಿತ್ತೇನೋ. ಆದರೆ 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದದ್ದು 1974ರ ಶುರುವಿಗೆ 12 ಡಾಲರ್ ಹತ್ತಿರ ಹೋಯಿತು. ಅಮೆರಿಕ 1975ರಲ್ಲಿ ಕಾನೂನು ಮಾಡಿ, ಒಂದೊಂದು ಕಂಪನಿಯ ಕಾರುಗಳೂ ಸರಾಸರಿ ಇಷ್ಟು ಮೈಲೇಜ್ ಕೊಡಲೇಬೇಕು ಅಂತ ಕಟ್ಟು ಹಾಕಿತು. ಕಾರುಗಳಿಗೆ 1978ರ ಮಾಡೆಲ್‌ನಿಂದ, ಪಿಕಪ್ಪಿನಂಥ ಸಣ್ಣ ಟ್ರಕ್ಕುಗಳಿಗೆ 1979ರಿಂದ. ಅಷ್ಟು ದೊಡ್ಡ ಚೌಕ ಮೂತಿಯ ಪಿಕಪ್ಪನ್ನು ಮೀನು ಮಾಡೋಕಾಗುತ್ತಾ? ಎಂಜಿನ್ ಬದಲಿಸೋಕೆ ಕೋಟಿಗಟ್ಟಲೆ ದುಡ್ಡು ಬೇಕು. ಒಂದು ಪ್ಲಾಸ್ಟಿಕ್ ಪಟ್ಟಿಗೆ? ಪುಡಿಗಾಸು. ಹೀಗೆ ರೇಸ್ ಕಾರಿನ ಗಲ್ಲ ರೈತರ ಗಾಡಿಗೂ ಬಂತು, ಮೈಲೇಜಿನ ಲೆಕ್ಕ ಬಿಗಿಯಾದಂತೆಲ್ಲ ಇನ್ನಷ್ಟು ಕೆಳಗಿಳಿಯಿತು. ಈಗ ಅಮೆರಿಕದಲ್ಲಿ ಸಿಲ್ವರಾಡೊದಂಥ ಪಿಕಪ್ ಕೊಂಡವರೂ ಮನೆ ಶೆಡ್ಡಿನಲ್ಲಿ ಕೂತು ಇದನ್ನೇ ಕುಯ್ಯುತ್ತಾರೆ. ಅವರಿಗೆ ಹಿಮ, ಹೊಲದ ದಾರಿ. ನಮಗೆ ಹಂಪು. 2019ರ ರ‍್ಯಾಮ್ 1500 ಪಿಕಪ್ಪಿನಲ್ಲಿ ಕಂಪನಿಯವರೇ ಜಾಣತನ ಮಾಡಿ, ವೇಗ ಏರಿದಾಗ ಮಾತ್ರ ಕೆಳಗಿಳಿದು ಆಮೇಲೆ ಮಡಚಿಕೊಳ್ಳೋ ಡ್ಯಾಮ್ ಕೊಟ್ಟರು.

ಈಗ ಹಂಪಿನ ಕತೆ. 1906ರಲ್ಲೇ ಅಮೆರಿಕದ ನ್ಯೂಜೆರ್ಸಿಯ ಚಾಥಮ್ ಅನ್ನೋ ಊರಿನಲ್ಲಿ ಜನ ರಸ್ತೆ ದಾಟುವ ಜಾಗವನ್ನು ಐದು ಇಂಚು ಎತ್ತರಿಸಿದ್ದರು. ಕಾರುಗಳ ವೇಗಕ್ಕೆ ಅಷ್ಟು ಬೇಗ ಕೋಪ ಬಂದಿತ್ತು! ಆದರೆ ಹಂಪನ್ನು ಲೆಕ್ಕ ಹಾಕಿ ಕಟ್ಟಿದವರು ಆರ್ಥರ್ ಕಾಂಪ್ಟನ್. ಹೌದು, ಪಿಯುಸಿ ಫಿಸಿಕ್ಸಿನಲ್ಲಿ ಕಾಡಿದ ಅದೇ ಕಾಂಪ್ಟನ್. 1927ರ ನೊಬೆಲ್ ಪ್ರಶಸ್ತಿ ಅವರದು, ಮರುವರ್ಷ ನಮ್ಮ ಸಿ.ವಿ. ರಾಮನ್ ಕಂಡುಹಿಡಿದ ಪರಿಣಾಮಕ್ಕೆ ಹತ್ತಿರದ ನೆಂಟ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದಾಗ ಕ್ಯಾಂಪಸ್ಸಿನೊಳಗೆ ಕಾರುಗಳು ಹಾರಿಕೊಂಡು ಹೋಗೋದನ್ನು ನೋಡಿ, 1953ರಲ್ಲಿ ಹಂಪು ವಿನ್ಯಾಸ ಮಾಡಿದರು. ಅದರ ಸೂತ್ರ ಸರಳ: ನಿಧಾನಕ್ಕೆ ಹೋದವನಿಗೆ ಗೊತ್ತೇ ಆಗಬಾರದು, ಜೋರಾಗಿ ಹೋದವನಿಗೆ ಮರೆಯಬಾರದು.

ಇಂಗ್ಲೆಂಡಿನ ರಸ್ತೆ ಸಂಶೋಧನಾ ಪ್ರಯೋಗಾಲಯದಲ್ಲಿ ವಾಟ್ಸ್ ಅನ್ನುವವರು ಇದನ್ನೇ ಮುಂದುವರಿಸಿ ತರತರದ ಆಕಾರ ಪರೀಕ್ಷಿಸಿದರು. ಗೆದ್ದದ್ದು 12 ಅಡಿ ಉದ್ದ, ಬರೀ 4 ಇಂಚು ಎತ್ತರದ ಕಮಾನು. ಆ ವರದಿ ಬಂದ ವರ್ಷ ಯಾವುದು ಗೊತ್ತಾ? 1973! ಡ್ಯಾಮನ್ನು ಕೆಳಗಿಳಿಸಿದ ತೈಲ ಬಿಕ್ಕಟ್ಟೂ, ರಸ್ತೆಯನ್ನು ಮೇಲೆತ್ತಿದ ಹಂಪಿನ ಅಳತೆಯೂ ಒಂದೇ ವರ್ಷದ ಕೂಸುಗಳು.

ನಮ್ಮ ದೇಶಕ್ಕೂ ಅದೇ ಅಳತೆ ಬಂತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಐಆರ್‌ಸಿ 99 ಅಂತ ಒಂದು ಮಾರ್ಗಸೂಚಿ ತಂದಿತು (2018ರಲ್ಲಿ ಪರಿಷ್ಕರಣೆ ಆಯಿತು). 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬಹುದು. ಮೇಲೆ ಕಪ್ಪು ಬಿಳಿ ಪಟ್ಟೆ, ಮುಂಚೆಯೇ ಎಚ್ಚರಿಕೆಯ ಫಲಕ ಇರಬೇಕು. ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಲಿ ಅಂತ ಲೆಕ್ಕ ಹಾಕಿದೆ: ಆ ಕಮಾನಿನ ಅತಿ ಕಡಿದಾದ ಜಾಗ ಅಂದರೆ ಶುರುವಿನ ಅಂಚು, ಅಲ್ಲೇ ಇಳಿಜಾರು ಬರೀ 6 ಡಿಗ್ರಿ. ಅದೇ 15 ಸೆಂ.ಮೀ. ಎತ್ತರಕ್ಕೆ, ಅರ್ಧ ಮೀಟರ್ ಅಗಲಕ್ಕೆ ಒಂದು ಕಮಾನು ಗುಡ್ಡೆ ಹಾಕಿ ಅಂತಿಟ್ಟುಕೊಳ್ಳಿ. ಅಂಚಿನ ಇಳಿಜಾರು 60 ಡಿಗ್ರಿ ದಾಟುತ್ತೆ! ಅದು ಹಂಪಲ್ಲ ಸ್ವಾಮಿ, ಮೋಟುಗೋಡೆ.

ಇಂಥ ಗೋಡೆಗಳು ನಮ್ಮ ಕಡೆ ಯಾಕೆ ಇಷ್ಟೊಂದು ಅನ್ನೋದಕ್ಕೂ ಕಾರಣ ಇದೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿಕೊಂಡು ಬೃಹತ್ ಬೆಂಗಳೂರು ಆಯಿತು. 2010ರ ಪಾಲಿಕೆ ಚುನಾವಣೆ ಹೊತ್ತಿಗೆ ಹೇರೋಹಳ್ಳಿ 72ನೇ ವಾರ್ಡು. ಹೊಲ ಇದ್ದ ಕಡೆ ಸೈಟು ಬಂತು, ಸೈಟಿನ ಹಿಂದೆ ಮನೆ, ಮನೆಯ ಹಿಂದೆ ನೀರಿನ ಪೈಪು, ಒಳಚರಂಡಿ. ರಸ್ತೆ ಅಗೆದು ಮುಚ್ಚಿದ ಕಡೆಯೆಲ್ಲ ಯಾರೂ ಯೋಜಿಸದ ಒಂದು ಉಬ್ಬು. ಇನ್ನು ಮಕ್ಕಳು ಆಡುವ ಬೀದಿಯಲ್ಲಿ ಒಮ್ಮೆ ಅಪಘಾತ ಆಯಿತೋ, ಸಂಜೆ ಎಲ್ಲರೂ ಸೇರಿ ಉಳಿದ ಜಲ್ಲಿ ಸಿಮೆಂಟು ಸುರಿದು ಹಂಪು ಹಾಕಿಬಿಡುತ್ತಾರೆ. ಅವರನ್ನು ಬೈಯೋಕೆ ನನಗೆ ಮನಸ್ಸು ಬರೋಲ್ಲ. ಮಗು ಬಿದ್ದ ಮನೆಯವರು ಐಆರ್‌ಸಿ 99 ಓದಿಕೊಂಡು ಬರಲಿ ಅನ್ನೋಕಾಗುತ್ತಾ? ಓದಬೇಕಾದವರು ಬೇರೆ ಇದ್ದಾರೆ, ಅದಕ್ಕೇ ಸಂಬಳ ತಗೊಳ್ತಾರೆ.

ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಈ ಜಗಳ ಇರಲಿಲ್ಲ. ಅವುಗಳದ್ದು ಕಬ್ಬಿಣದ ಬಂಪರು, ಕೆಳಗೆ ಖಾಲಿ ಜಾಗ. 1990ರ ದಶಕದ ಸೆಡಾನುಗಳು ಬಂದ ಮೇಲೆ ಹಂಪು ಬಂದಾಗ ಹಿಂದೆ ಕೂತವರು ಇಳಿದು ನಡೆದು, ಆಚೆ ಕಡೆ ಮತ್ತೆ ಹತ್ತುವ ಸೊಗಸಾದ ಸಂಪ್ರದಾಯ ಶುರುವಾಯಿತು. ಈಗ ಪಿಕಪ್ಪಿಗೂ ಅದೇ ಗತಿ. ಡ್ಯಾಮಿನ ಅಂಚು ನೆಲದಿಂದ 20 ಸೆಂ.ಮೀ. ಇದೆ ಅಂದುಕೊಳ್ಳಿ. 15 ಸೆಂ.ಮೀ. ಹಂಪು ತಾಗಬಾರದಲ್ವಾ? ಆದರೆ ಹಂಪು ಕಂಡಾಗ ಬ್ರೇಕ್ ಒತ್ತುತ್ತೀವಿ, ಮೂತಿ ಐದಾರು ಸೆಂಟಿಮೀಟರ್ ಮುಗ್ಗರಿಸುತ್ತೆ. ಕರಾಕರಾ!

ಇನ್ನೊಂದು ಶತ್ರು ಮನೆ ಮುಂದೆಯೇ ಇದೆ, ಚರಂಡಿ ಚಪ್ಪಡಿ ಮೇಲೆ ಹಾಕಿದ ರ‍್ಯಾಂಪು. ರಸ್ತೆಯಿಂದ ಗೇಟಿಗೆ ಒಂದು ಮೀಟರಿನಲ್ಲಿ 40 ಸೆಂ.ಮೀ. ಏರಿದರೆ ಅದು 22 ಡಿಗ್ರಿ. 20 ಸೆಂ.ಮೀ. ಎತ್ತರದ ಅಂಚು ಟೈರು ನೆಲ ಮುಟ್ಟುವ ಜಾಗಕ್ಕಿಂತ 60 ಸೆಂ.ಮೀ. ಮುಂದಿದ್ದರೆ ಆ ಗಾಡಿ ಹತ್ತಬಲ್ಲದ್ದು 18 ಡಿಗ್ರಿ ಮಾತ್ರ. 5 ಸೆಂ.ಮೀ. ಕುಯ್ದರೆ 22 ಚಿಲ್ಲರೆ. ಕೂದಲೆಳೆಯಲ್ಲಿ ಪಾಸು. ಅಂಕಲ್ ಲೆಕ್ಕ ಹಾಕದೇ ಕುಯ್ದದ್ದು ಹೆಚ್ಚುಕಡಿಮೆ ಅಷ್ಟೇ ಇತ್ತು, ಅನುಭವ ಅಂದರೆ ಅದೇ.

ಕುಯ್ದರೆ ನಷ್ಟ ಇಲ್ವಾ? ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 100 ಕಿ.ಮೀ. ವೇಗದಲ್ಲಿ ಇರೋದರಲ್ಲಿ ಸುಮಾರು ಹನ್ನೊಂದನೇ ಒಂದು ಪಾಲು ಮಾತ್ರ 30ರಲ್ಲಿ. ಸುಂಕದಕಟ್ಟೆ ಟ್ರಾಫಿಕ್ಕಿನಲ್ಲಿ ತೆವಳುವ ಗಾಡಿಗೆ ಡ್ಯಾಮ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ವಾರವಾರ ಮೈಸೂರು ಎಕ್ಸ್‌ಪ್ರೆಸ್‌ವೇ ಹಿಡಿಯುವವರಿಗೆ ಮೈಲೇಜಿನಲ್ಲಿ ಸ್ವಲ್ಪ ಕಂಡೀತು. ಅದಕ್ಕಿಂತ ಮುಖ್ಯ ಬೇರೆ ಇದೆ. ಡ್ಯಾಮಿನ ಹಿಂದೆ ಒತ್ತಡ ಕಡಿಮೆ ಆಗೋದರಿಂದ ರೇಡಿಯೇಟರಿನ ಮೂಲಕ ಗಾಳಿ ಚೆನ್ನಾಗಿ ಎಳೆಯುತ್ತೆ. 1982ರ ನಂತರದ ಷೆವರ್ಲೆ ಕಮಾರೊ ಕಾರುಗಳು ಗಾಳಿ ಕುಡಿಯುತ್ತಿದ್ದದ್ದೇ ಕೆಳಗಿನಿಂದ, ಅದರಲ್ಲಿ ಡ್ಯಾಮ್ ಕಿತ್ತರೆ ಹೈವೇಯಲ್ಲಿ ಎಂಜಿನ್ ಕಾಯುತ್ತಿತ್ತು. ಕೆಲವು ಗಾಡಿಗಳಲ್ಲಿ ಬಂಪರಿನ ಕೆಳಗಿನ ಗಟ್ಟಿ ಪಟ್ಟಿ ಗಾಳಿಗಲ್ಲ, ಪಾದಚಾರಿಗೆ ಡಿಕ್ಕಿ ಆದರೆ ಮಂಡಿ ಮುರಿಯದ ಹಾಗೆ ಕಾಲನ್ನು ತಳ್ಳಲು ಇಟ್ಟದ್ದು. ಅದಕ್ಕೆ ಬ್ಲೇಡು ಹಾಕಬೇಡಿ. ಮೆತ್ತಗೆ ಬಾಗುವ ಪಟ್ಟಿಯಾದರೆ ಟೇಪು ಅಂಟಿಸಿ ಗೆರೆ ಎಳೆದು, ಸ್ಕ್ರೂ ಕೂತ ಅಂಚು ಬಿಟ್ಟು, ಒಂದು ಸಲಕ್ಕೆ ಎರಡೇ ಸೆಂ.ಮೀ. ಕುಯ್ದು, ರ‍್ಯಾಂಪ್ ಹತ್ತಿಸಿ ನೋಡಿ, ಅಂಚಿಗೆ ಉಪ್ಪುಕಾಗದ ಉಜ್ಜಿದರೆ ಸಾಕು.

ಕಾನೂನು? ಕಂಪನಿ ಕೊಟ್ಟ ಸ್ವರೂಪ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಪ್ಪಿಗೆಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಪ್ಲಾಸ್ಟಿಕ್ ಪಟ್ಟಿ ಕುಯ್ದದ್ದಕ್ಕೆ ಇದನ್ನು ಹೇರೋದು ಅತಿಯಾಯಿತು ಅಂತ ನನ್ನ ಅನಿಸಿಕೆ. ಆದರೂ ಗಾಡಿ ಮಾಲೀಕ ಎರಡು ಇಂಚು ಕುಯ್ದರೆ ಕೇಳೋಕೆ ಸೆಕ್ಷನ್ ಸಿದ್ಧ, ರಸ್ತೆಯ ಆರು ಇಂಚಿನ ಗೋಡೆಯನ್ನು ಕುಯ್ಯೋಕೆ ಯಾರೂ ಸಿದ್ಧ ಇಲ್ಲ.

ನಿಜವಾಗಿ ಕುಯ್ಯಬೇಕಾದ್ದು ಅದನ್ನೇ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2015ರಲ್ಲಿ ರಸ್ತೆ ಗುಂಡಿಗಳಿಂದ ಸತ್ತವರು 3,416. ಸ್ಪೀಡ್ ಬ್ರೇಕರುಗಳಿಂದ ಸತ್ತವರು 3,409. ಏಳೇ ಏಳು ಕಡಿಮೆ. ಗುಂಡಿಗಳ ಫೋಟೋ ಪೇಪರಿನಲ್ಲಿ ದಿನಾ ಬರುತ್ತೆ, ಹಂಪಿನದು ಬರೋಲ್ಲ, ಅದು ನಮ್ಮ ರಕ್ಷಣೆಗೇ ಇರೋದು ಅಂತ ನಂಬಿದ್ದೀವಲ್ಲ. ಪಿಕಪ್ ಆದರೆ ಪ್ಲಾಸ್ಟಿಕ್ ಹೋಗುತ್ತೆ. ಸ್ಕೂಟರಿನಲ್ಲಿ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತ ಹೆಂಗಸಿಗೆ, ಕತ್ತಲಲ್ಲಿ, ಬಣ್ಣ ಬಳಿಯದ ಹಂಪು ಸಿಕ್ಕರೆ ಕುಯ್ದು ಸರಿ ಮಾಡೋಕೆ ಏನೂ ಇರೋಲ್ಲ.

3.7 ಮೀಟರ್ ಅಂದರೆ ಹನ್ನೆರಡು ಹೆಜ್ಜೆಯೂ ಅಲ್ಲ, ಹನ್ನೆರಡು ಅಡಿ. ಮೂವತ್ತು ಅಡಿಯ ನಮ್ಮ ಯಾವ ಕ್ರಾಸಿನಲ್ಲೂ ಅಷ್ಟು ಜಾಗ ಸಿಗುತ್ತೆ.