ಮಿದುಳಿನ ಸಣ್ಣ ರಕ್ತನಾಳಗಳ ಕಾಯಿಲೆ

ಮಿದುಳಿನ ಸಣ್ಣ ರಕ್ತನಾಳಗಳ ಕಾಯಿಲೆ ಎಂದರೆ ಮಿದುಳಿನ ಒಳಭಾಗಕ್ಕೆ ರಕ್ತ ಒದಗಿಸುವ ಕಿರಿಯ ಅಪಧಮನಿಗಳು, ಲೋಮನಾಳಗಳು ಹಾಗೂ ಕಿರಿಯ ಅಭಿಧಮನಿಗಳು ಹಾನಿಗೊಳ್ಳುವುದರಿಂದ ಉಂಟಾಗುವ ತೊಂದರೆಗಳ ಸಮೂಹ. ಪಾರ್ಶ್ವವಾಯು ಪ್ರಕರಣಗಳಲ್ಲಿ ಸುಮಾರು ಐದರಲ್ಲಿ ಒಂದು ಭಾಗಕ್ಕೆ ಇದು ಕಾರಣ. ರಕ್ತನಾಳಗಳ ತೊಂದರೆಯಿಂದ ಬರುವ ಡಿಮೆನ್ಷಿಯಾಕ್ಕೆ (ಮರೆಗುಳಿ ಕಾಯಿಲೆ) ಇದು ಪ್ರಮುಖ ಕಾರಣವಾಗಿದ್ದು, ಆಲ್‌ಝೈಮರ್ ಕಾಯಿಲೆಯೊಡನೆ ಸೇರಿ ಅದನ್ನು ಉಲ್ಬಣಗೊಳಿಸುವುದೂ ಉಂಟು. ಹಲವು ವರ್ಷ ಸದ್ದಿಲ್ಲದೆ ಬೆಳೆಯುವುದರಿಂದ ಇದರ ಲಕ್ಷಣಗಳನ್ನು ಮುಪ್ಪಿನ ಸಹಜ ಮರೆವೆಂದು ಭಾವಿಸುವವರೇ ಹೆಚ್ಚು. ಆದರೆ ಇದರ ಮುಖ್ಯ ಕಾರಣಗಳಲ್ಲೊಂದಾದ ಅಧಿಕ ರಕ್ತದೊತ್ತಡವು ಅಳೆಯಬಹುದಾದ, ಹತೋಟಿಯಲ್ಲಿಡಬಹುದಾದ ಸ್ಥಿತಿ.

ಇತಿಹಾಸ

ಮೃತರ ಮಿದುಳಿನಲ್ಲಿ ಕಂಡ ಪುಟ್ಟ ಕುಳಿಗಳನ್ನು ಸೂಚಿಸಲು 'ಲಕೂನ್' ಎಂಬ ಪದವನ್ನು ಫ್ರಾನ್ಸಿನ ವೈದ್ಯ ದೆಶಾಂಬ್ರ್ 1838ರಲ್ಲಿ ಬಳಸಿದರು. ಮಿದುಳಿನ ಶ್ವೇತದ್ರವ್ಯವು ಕ್ಷಯಿಸಿ ಬುದ್ಧಿಶಕ್ತಿ ಕುಂದುವ ಸ್ಥಿತಿಯನ್ನು ಒಟ್ಟೊ ಬಿನ್ಸ್‌ವಾಂಗರ್ 1894ರಲ್ಲಿ ವಿವರಿಸಿದರು. ಈ ಕುಳಿಗಳಿಗೂ ಕಿರುನಾಳಗಳ ಗೋಡೆಯ ವಿಕಾರಕ್ಕೂ ಇರುವ ನಂಟನ್ನು ಮಿಲ್ಲರ್ ಫಿಶರ್ 1960ರ ದಶಕದಲ್ಲಿ ಸೂಕ್ಷ್ಮವಾಗಿ ಅಧ್ಯಯನ ಮಾಡಿದರು. ಸಿ.ಟಿ. ಮತ್ತು ಎಂ.ಆರ್.ಐ. ಯಂತ್ರಗಳು ಬಂದ ಮೇಲೆ ಈ ಬದಲಾವಣೆಗಳನ್ನು ಜೀವಂತ ವ್ಯಕ್ತಿಗಳಲ್ಲಿಯೇ ನೋಡುವುದು ಸಾಧ್ಯವಾಯಿತು.

ಹಾನಿಯಾಗುವ ಬಗೆ

ಮಿದುಳಿನ ತೂಕ ದೇಹದ ತೂಕದ ಸುಮಾರು 2% ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹವು ಬಳಸುವ ಆಮ್ಲಜನಕದ ಸುಮಾರು 20% ಅದಕ್ಕೇ ಬೇಕಾಗುತ್ತದೆ. ಆಮ್ಲಜನಕವನ್ನು ಕೂಡಿಟ್ಟುಕೊಳ್ಳುವ ವ್ಯವಸ್ಥೆ ಮಿದುಳಿನಲ್ಲಿಲ್ಲ. ರಕ್ತದ ಹರಿವು ಎಡೆಬಿಡದೆ ಸಾಗುತ್ತಿರಬೇಕು.

ದೊಡ್ಡ ಅಪಧಮನಿಗಳಿಂದ ಕವಲೊಡೆದು ಆಳಕ್ಕಿಳಿಯುವ ಕಿರುನಾಳಗಳು ಥಲಾಮಸ್, ಬೇಸಲ್ ಗ್ಯಾಂಗ್ಲಿಯಾ ಮತ್ತು ಶ್ವೇತದ್ರವ್ಯಕ್ಕೆ ರಕ್ತ ಒಯ್ಯುತ್ತವೆ. ಇವುಗಳಿಗೆ ಬದಲಿ ದಾರಿಗಳು ತೀರ ಕಡಿಮೆ. ಕಾಲುವೆಯ ಕೊನೆಯಂಚಿನ ಗದ್ದೆಯಂತೆ, ಮೇಲೆ ಎಲ್ಲಿ ತಡೆಯುಂಟಾದರೂ ಈ ಭಾಗಗಳು ಮೊದಲು ಒಣಗುತ್ತವೆ. ರಕ್ತದೊತ್ತಡ ಬಹುಕಾಲ ಹೆಚ್ಚಿದ್ದಾಗ ಕಿರುನಾಳಗಳ ಗೋಡೆ ದಪ್ಪಗಾಗಿ ಗಡುಸಾಗುತ್ತದೆ, ಒಳದಾರಿ ಕಿರಿದಾಗುತ್ತದೆ. ರಕ್ತ ಮತ್ತು ಮಿದುಳಿನ ನಡುವಿನ ರಕ್ಷಣಾ ತಡೆಯೂ ಸಡಿಲಗೊಂಡು, ಒಳಬರಬಾರದ ಪದಾರ್ಥಗಳು ಊತಕಕ್ಕೆ ಸೋರುತ್ತವೆ. ಶ್ವೇತದ್ರವ್ಯವು ಮಿದುಳಿನ ಒಂದು ಭಾಗವನ್ನು ಮತ್ತೊಂದಕ್ಕೆ ಜೋಡಿಸುವ ನರತಂತುಗಳ ಕಂತೆ. ಅದು ಕೆಟ್ಟಾಗ ಆಯಾ ಭಾಗಗಳು ಉಳಿದಿದ್ದರೂ ಅವುಗಳ ನಡುವಿನ ಸಂಪರ್ಕ ನಿಧಾನವಾಗುತ್ತದೆ.

ಕಾರಣಗಳು

ವಯಸ್ಸು ಮತ್ತು ಅಧಿಕ ರಕ್ತದೊತ್ತಡ ಮುಖ್ಯ ಕಾರಣಗಳು. ಸಕ್ಕರೆ ಕಾಯಿಲೆ ಮತ್ತು ಧೂಮಪಾನ ಅಪಾಯವನ್ನು ಹೆಚ್ಚಿಸುತ್ತವೆ. ಕೆಲವರಲ್ಲಿ ಮಿದುಳಿನ ಹೊರಪದರದ ನಾಳಗಳ ಗೋಡೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು ಶೇಖರವಾಗಿ ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ವಂಶಪಾರಂಪರ್ಯವಾಗಿ ಬರುವ ವಿರಳ ಬಗೆಯೂ ಇದೆ. 'ಕ್ಯಾಡಸಿಲ್' ಎಂಬ ಇಂತಹ ಕಾಯಿಲೆಗೆ 19ನೆಯ ವರ್ಣತಂತುವಿನಲ್ಲಿರುವ ನಾಚ್-3 ಜೀನಿನ ದೋಷವೇ ಕಾರಣವೆಂದು 1996ರಲ್ಲಿ ತಿಳಿದುಬಂದಿತು.

ಡಿಮೆನ್ಷಿಯಾದೊಂದಿಗಿನ ಸಂಬಂಧ

ಆಲ್‌ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಇತ್ತೀಚಿನ ಸಂಗತಿಗಳ ನೆನಪು ಮೊದಲು ಅಳಿಯುತ್ತದೆ. ಸಣ್ಣ ರಕ್ತನಾಳಗಳ ಕಾಯಿಲೆಯಲ್ಲಿ ಮೊದಲು ಕುಂದುವುದು ಆಲೋಚನೆಯ ವೇಗ, ಯೋಜಿಸುವ ಶಕ್ತಿ ಮತ್ತು ಗಮನ. ಮರೆತ ವಿಷಯ ಸುಳಿವು ಕೊಟ್ಟರೆ ನೆನಪಿಗೆ ಬರುವುದುಂಟು. ಜೊತೆಗೆ ಪುಟ್ಟ ಹೆಜ್ಜೆಯಿಡುವ ಅಸ್ಥಿರ ನಡಿಗೆ, ಮೂತ್ರದ ಅವಸರ, ನಿರುತ್ಸಾಹ, ಖಿನ್ನತೆ ಕಾಣಿಸಿಕೊಳ್ಳಬಹುದು. ಈ ನಿರುತ್ಸಾಹವನ್ನು ಮನೆಯವರು ಸೋಮಾರಿತನವೆಂದೋ ಹಟವೆಂದೋ ತಪ್ಪಾಗಿ ತಿಳಿಯುವ ಸಂಭವವಿದೆ.

ಎರಡೂ ಕಾಯಿಲೆಗಳು ಒಬ್ಬರಲ್ಲೇ ಇರುವುದು ವೃದ್ಧಾಪ್ಯದಲ್ಲಿ ಸಾಮಾನ್ಯ. ಅಮೆರಿಕದ ಕ್ರೈಸ್ತ ಸಂನ್ಯಾಸಿನಿಯರನ್ನು ಕುರಿತ 'ನನ್ ಸ್ಟಡಿ' ಇದಕ್ಕೆ ಪ್ರಸಿದ್ಧ ನಿದರ್ಶನ. ಇದರಲ್ಲಿ ಪಾಲ್ಗೊಂಡ 678 ಮಂದಿಯಲ್ಲಿ ಹೆಚ್ಚಿನವರು ಶಿಕ್ಷಕಿಯರಾಗಿ ದುಡಿದವರು. ಮರಣಾನಂತರ ತಮ್ಮ ಮಿದುಳನ್ನು ಅಧ್ಯಯನಕ್ಕೆ ನೀಡಲು ಒಪ್ಪಿದ್ದವರು. 1997ರಲ್ಲಿ ಡೇವಿಡ್ ಸ್ನೋಡನ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯಲ್ಲಿ, ಮಿದುಳಿನಲ್ಲಿ ಆಲ್‌ಝೈಮರ್ ಗುರುತುಗಳಿದ್ದ 61 ಮಂದಿಯ ಪೈಕಿ ಆಳದ ಭಾಗಗಳಲ್ಲಿ ಲಕೂನ್‌ಗಳೂ ಇದ್ದವರಲ್ಲಿ ಡಿಮೆನ್ಷಿಯಾ ಬಹಳ ಹೆಚ್ಚಾಗಿ ಕಂಡುಬಂದಿತ್ತು. ಆಲ್‌ಝೈಮರ್ ಗುರುತುಗಳಿಲ್ಲದವರಲ್ಲಿ ಇಂತಹ ಹಾನಿಯ ಪರಿಣಾಮ ಅಲ್ಪವಾಗಿತ್ತು. ಒಂದು ಕಾಯಿಲೆಯನ್ನು ತಾಳಿಕೊಳ್ಳುತ್ತಿದ್ದ ಮಿದುಳು ಎರಡನೆಯದೂ ಸೇರಿದಾಗ ಸೋಲುತ್ತದೆ ಎಂಬ ವಿಚಾರಕ್ಕೆ ಇದು ಬಲ ಕೊಟ್ಟಿತು.

ಪತ್ತೆ

ಎಂ.ಆರ್.ಐ. ಚಿತ್ರದಲ್ಲಿ ಶ್ವೇತದ್ರವ್ಯದ ಬಿಳಿಯ ಮಚ್ಚೆಗಳು, 3ರಿಂದ 15 ಮಿ.ಮೀ. ಅಗಲದ ಲಕೂನ್‌ಗಳು ಹಾಗೂ ಸೂಕ್ಷ್ಮ ರಕ್ತಸ್ರಾವದ ಗುರುತುಗಳು ಕಾಣುತ್ತವೆ. ಬಿಳಿಯ ಮಚ್ಚೆಗಳು ಅರವತ್ತು ದಾಟಿದ ಅನೇಕರಲ್ಲಿ ಇರುತ್ತವೆ. ಅವು ಇದ್ದ ಮಾತ್ರಕ್ಕೆ ಡಿಮೆನ್ಷಿಯಾ ಬಂದೇ ಬರುತ್ತದೆ ಎಂದಲ್ಲ. ಅವುಗಳ ವಿಸ್ತಾರ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ.

ತಡೆ ಮತ್ತು ಚಿಕಿತ್ಸೆ

ನಾಶವಾದ ಊತಕವನ್ನು ಮರಳಿಸುವ ಔಷಧಿ ಇಲ್ಲ. ಆದ್ದರಿಂದ ತಡೆಗೇ ಪ್ರಾಮುಖ್ಯ. ಅಮೆರಿಕದಲ್ಲಿ ರಕ್ತದೊತ್ತಡವಿದ್ದ 50 ವರ್ಷ ಮೀರಿದ 9,361 ಮಂದಿಯ ಮೇಲೆ 'ಸ್ಪ್ರಿಂಟ್' ಎಂಬ ಪ್ರಯೋಗ ನಡೆಯಿತು. ಮೇಲಿನ ಒತ್ತಡವನ್ನು 140ಕ್ಕಿಂತ ಕೆಳಗಿಡುವುದಕ್ಕೂ 120ಕ್ಕಿಂತ ಕೆಳಗಿಡುವುದಕ್ಕೂ ಇರುವ ವ್ಯತ್ಯಾಸವನ್ನು ಅದು ಪರೀಕ್ಷಿಸಿತು. 2019ರ ಫಲಿತಾಂಶದಂತೆ, ಎರಡನೆಯ ಗುಂಪಿನಲ್ಲಿ ಡಿಮೆನ್ಷಿಯಾಕ್ಕೆ ಮುನ್ಸೂಚನೆಯೆನಿಸುವ ಲಘು ಅರಿವಿನ ಕುಂದು 19% ಕಡಿಮೆಯಿತ್ತು. ಬಿಳಿಯ ಮಚ್ಚೆಗಳ ಹೆಚ್ಚಳವೂ ಕಡಿಮೆಯಿತ್ತು. ಡಿಮೆನ್ಷಿಯಾ ಕಡಿಮೆಯಾಯಿತೆಂದು ಮಾತ್ರ ಖಚಿತವಾಗಿ ಸಿದ್ಧಪಡಲಿಲ್ಲ. ವಯೋವೃದ್ಧರಲ್ಲಿ ಒತ್ತಡ ತೀರ ಇಳಿದರೆ ತಲೆಸುತ್ತಿ ಬೀಳುವ ಭಯವಿರುವುದರಿಂದ ಎಷ್ಟು ಇಳಿಸಬೇಕೆಂಬುದನ್ನು ವೈದ್ಯರು ಆಯಾ ವ್ಯಕ್ತಿಗೆ ತಕ್ಕಂತೆ ನಿರ್ಧರಿಸುತ್ತಾರೆ. ಧೂಮಪಾನ ತ್ಯಾಗ, ಸಕ್ಕರೆ ಕಾಯಿಲೆಯ ಹತೋಟಿ ಮತ್ತು ನಿಯಮಿತ ನಡಿಗೆ ಇತರ ಮುಖ್ಯ ಕ್ರಮಗಳು.

ಭಾರತದಲ್ಲಿ

2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟವರಲ್ಲಿ 7.4% ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಎಲ್ಲ ಬಗೆಗಳೂ ಸೇರಿ ಡಿಮೆನ್ಷಿಯಾ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟವರನ್ನು ದೀರ್ಘಕಾಲ ಗಮನಿಸುವ ಅಧ್ಯಯನ ನಡೆಸುತ್ತಿದೆ. ವಯಸ್ಸಾದಂತೆ ಮಿದುಳಿನಲ್ಲಾಗುವ ಬದಲಾವಣೆಗಳನ್ನೂ ಡಿಮೆನ್ಷಿಯಾದ ಅಪಾಯ ಹೆಚ್ಚಿಸುವ ಅಂಶಗಳನ್ನೂ ಗ್ರಾಮೀಣ ಜನರಲ್ಲಿ ಅರಿಯುವುದು ಇದರ ಉದ್ದೇಶ.