ಬಳಸಿದ ಸೆಡಾನ್ ಕಾರು: ಆಯ್ಕೆ ಮತ್ತು ಎಂಜಿನ್ ಟ್ಯೂನಿಂಗ್ (ಹಾಸನ ಜಿಲ್ಲೆ)

ಹಿಂಬದಿಯಲ್ಲಿ ಪ್ರತ್ಯೇಕ ಡಿಕ್ಕಿ ಇದ್ದು, ನಾಲ್ಕೈದು ಜನ ಕೂರಬಹುದಾದ ಕಾರನ್ನು ಸೆಡಾನ್ ಅಥವಾ ಸಲೂನ್ ಎನ್ನುತ್ತಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಊರುಗಳಲ್ಲಿ ಮದುವೆ, ಆಸ್ಪತ್ರೆ, ಬೆಂಗಳೂರು ಪ್ರಯಾಣಗಳಿಗೆಲ್ಲ ಒಂದೇ ಗಾಡಿ ಸಾಕೆನ್ನುವ ಕುಟುಂಬಗಳು ಸೆಕೆಂಡ್ ಹ್ಯಾಂಡ್ ಸೆಡಾನ್ ಹುಡುಕುತ್ತವೆ. ಆಗ ಮೊದಲು ಬರುವ ಪ್ರಶ್ನೆ ಪೆಟ್ರೋಲೋ ಡೀಸೆಲ್ಲೋ ಎಂಬುದು. ಗಾಡಿ ಓಡಬೇಕಾದ ರಸ್ತೆಯನ್ನೂ ವರ್ಷದ ಓಡಾಟವನ್ನೂ ನೋಡದೆ ಇದಕ್ಕೆ ಉತ್ತರ ಕೊಡುವುದು ತಪ್ಪು.

ಹಿನ್ನೆಲೆ

ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಆಯ್ಕೆಗೆ ಜಾಗವೇ ಇರಲಿಲ್ಲ. ಮಾರುತಿ ಎಸ್ಟೀಮ್, ಹೋಂಡಾ ಸಿಟಿ, ಹ್ಯುಂಡೈ ಆಕ್ಸೆಂಟ್ ಬಂದ 1990ರ ದಶಕದಲ್ಲಿ ಸೆಡಾನ್ ಎಂದರೆ ಹೆಚ್ಚಾಗಿ ಪೆಟ್ರೋಲ್. ಡೀಸೆಲ್ ಸೆಡಾನ್ ಮಧ್ಯಮ ವರ್ಗದ ಮನೆಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 2008ರ ಸ್ವಿಫ್ಟ್ ಡಿಜೈರ್‌ನಿಂದ. ಅದರ 1248 ಸಿಸಿ ಎಂಜಿನ್ ಫಿಯೆಟ್ ಕಂಪನಿಯ ಮಲ್ಟಿಜೆಟ್. ಶಕ್ತಿ 75 ಪಿಎಸ್, ಎಳೆತ 190 ನ್ಯೂಟನ್ ಮೀಟರ್. ಬಿಡದಿಯ ಟೊಯೊಟಾ ಕಾರ್ಖಾನೆಯಿಂದ 2010ರ ಕೊನೆಗೆ ಎಟಿಯೋಸ್ ಬಂತು. ಮರುವರ್ಷ ಅದಕ್ಕೆ 1364 ಸಿಸಿ ಡೀಸೆಲ್ ಎಂಜಿನ್ ಸೇರಿತು. ಜಿಲ್ಲೆಯ ಹಳೆಯ ಕಾರುಗಳ ವ್ಯಾಪಾರದಲ್ಲಿ ಈ ಎರಡು ಹೆಸರು ಇಂದಿಗೂ ಮೊದಲು ಕೇಳಿಬರುತ್ತವೆ.

ಆ ವರ್ಷಗಳಲ್ಲಿ ಡೀಸೆಲ್ ಮೇಲೆ ಜನ ಮುಗಿಬೀಳಲು ಕಾರಣ ಬೆಲೆ. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆ ಸರ್ಕಾರದ ಹಿಡಿತದಿಂದ ಹೊರಬಂತು. ಡೀಸೆಲ್‌ಗೆ ಆ ಸ್ಥಿತಿ ಬಂದದ್ದು 2014ರ ಅಕ್ಟೋಬರ್‌ನಲ್ಲಿ. ನಡುವೆ 2012ರ ಮೇ ಕೊನೆಯಲ್ಲಿ ದೆಹಲಿಯಲ್ಲಿ ಎರಡರ ಅಂತರ ಲೀಟರಿಗೆ 30 ರೂಪಾಯಿ ದಾಟಿತ್ತು. 2025ರಲ್ಲಿ ಕರ್ನಾಟಕದಲ್ಲಿ ಆ ಅಂತರ ಸುಮಾರು 12 ರೂಪಾಯಿಗೆ ಇಳಿದಿತ್ತು. ಭಾರತ್ ಸ್ಟೇಜ್ 6 ಎಮಿಷನ್ ನಿಯಮ 2020ರ ಏಪ್ರಿಲ್ 1ರಿಂದ ಜಾರಿಯಾದಾಗ ಮಾರುತಿ ತನ್ನ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು, ಎಟಿಯೋಸ್ ಕೂಡ ಹೋಯಿತು. ಹೀಗಾಗಿ ಇಂದು ಸಿಗುವ ಡೀಸೆಲ್ ಡಿಜೈರ್ ಎಷ್ಟೇ ಹೊಸದೆಂದರೂ ಐದು ವರ್ಷ ದಾಟಿದ್ದೇ ಆಗಿರುತ್ತದೆ.

ಲೆಕ್ಕ

2012ರ ಡಿಜೈರ್‌ಗೆ ಕಂಪನಿ ಹೇಳಿದ ಮೈಲೇಜ್ ಡೀಸೆಲ್‌ಗೆ 23.4 ಕಿ.ಮೀ., ಪೆಟ್ರೋಲ್‌ಗೆ 19.1 ಕಿ.ಮೀ. ಹಳೆಯ ಗಾಡಿಗೆ ರಸ್ತೆಯ ಮೇಲೆ ಇವನ್ನು 20 ಮತ್ತು 15 ಎಂದಿಟ್ಟುಕೊಳ್ಳುವುದು ಲೇಸು. 2025ರ ಬೆಲೆಯಂತೆ ಪೆಟ್ರೋಲ್ ಲೀಟರಿಗೆ 103 ರೂ., ಡೀಸೆಲ್ 91 ರೂ. ಎಂದರೆ ಕಿಲೋಮೀಟರಿಗೆ ಪೆಟ್ರೋಲ್ ಕಾರಿಗೆ 6.87 ರೂ., ಡೀಸೆಲ್‌ಗೆ 4.55 ರೂ. ಬೀಳುತ್ತದೆ. ವರ್ಷಕ್ಕೆ 8,000 ಕಿ.ಮೀ. ಓಡುವ ಮನೆಗೆ ಉಳಿಯುವುದು ಸುಮಾರು 18,500 ರೂ. ನಾಲ್ಕು ಇಂಜೆಕ್ಟರ್ ಅಥವಾ ಒಂದು ಟರ್ಬೊ ಕೈಕೊಟ್ಟರೆ ಒಂದಕ್ಕಿಂತ ಹೆಚ್ಚು ವರ್ಷದ ಉಳಿತಾಯ ಒಂದೇ ಬಿಲ್ಲಿಗೆ ಹೋಗುತ್ತದೆ. 20,000 ಕಿ.ಮೀ. ಓಡುವವರಿಗೆ 46,000 ರೂ. ಉಳಿಯುತ್ತದೆ, ಅವರಿಗೆ ಡೀಸೆಲ್ ಸರಿ.

ರಸ್ತೆಯೂ ಲೆಕ್ಕಕ್ಕೆ ಬರುತ್ತದೆ. ಚನ್ನರಾಯಪಟ್ಟಣ ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರ ಮೇಲಿದೆ. ಅಲ್ಲಿಂದ ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವವರ ಡೀಸೆಲ್ ಎಂಜಿನ್ ಚೆನ್ನಾಗಿ ಕಾದು, ಒಂದೇ ವೇಗದಲ್ಲಿ ಓಡಿ, ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಅರಕಲಗೂಡಿನಲ್ಲಿ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಶಾಲೆಗೆ ಎಂದು ಎರಡೆರಡು ಕಿಲೋಮೀಟರ್ ಓಡುವ ಡೀಸೆಲ್ ಕಾರು ಬಿಸಿಯೇರುವ ಮೊದಲೇ ನಿಂತುಬಿಡುತ್ತದೆ. ಹೊಗೆಯ ಒಂದು ಭಾಗವನ್ನು ಎಂಜಿನ್‌ಗೆ ಮರಳಿಸುವ ಅದರ ಇಜಿಆರ್ ವಾಲ್ವಿನಲ್ಲಿ ಮಸಿ ಗಟ್ಟಿಯಾಗಿ ಕಟ್ಟುತ್ತದೆ, ಪಿಕಪ್ ಸಾಯುತ್ತದೆ. ಅಂಥ ಓಡಾಟಕ್ಕೆ ಪೆಟ್ರೋಲೇ ತಕ್ಕದ್ದು. ಹೊಳೆನರಸೀಪುರದಿಂದ ದಿನವೂ ಹಾಸನಕ್ಕೆ ಕೆಲಸಕ್ಕೆ ಹೋಗುವವರು ಎರಡರ ನಡುವೆ ಬರುತ್ತಾರೆ: ಹೋಗಿಬರುವ ದಾರಿ 60 ಕಿ.ಮೀ.ಗಿಂತ ಹೆಚ್ಚು, ವರ್ಷಕ್ಕೆ 15,000 ಕಿ.ಮೀ. ಮೀರುತ್ತದೆ. ಒಳ್ಳೆಯ ಸ್ಥಿತಿಯ ಡೀಸೆಲ್ ಸಿಕ್ಕರೆ ಅವರು ಕೊಳ್ಳಬಹುದು.

ಪೆಟ್ರೋಲ್ ಕೊಳ್ಳುವವರು ಎಥನಾಲ್ ವಿಷಯ ತಿಳಿದಿರಬೇಕು. ಈಗ ಬಂಕುಗಳಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಬರುತ್ತಿದೆ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ; ಆದ್ದರಿಂದ ಹಳೆಯ ಕಾರಿನ ಮೈಲೇಜ್ ಶೇ. 6ರಷ್ಟು ಇಳಿಯಬಹುದು. 2023ಕ್ಕೆ ಮೊದಲಿನ ಗಾಡಿಗಳಲ್ಲಿ ಇಂಧನದ ರಬ್ಬರ್ ಪೈಪು, ಸೀಲುಗಳನ್ನು ಆಗಾಗ ನೋಡಿಸುವುದು ಒಳ್ಳೆಯದು.

ಗಾಡಿ ನೋಡುವ ಬಗೆ

ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಬರುತ್ತೇವೆಂದು ಹೇಳುವುದು ಸರಿ. ಡಿಸೆಂಬರ್‌ನ ಚಳಿಯ ಬೆಳಗಿನಲ್ಲಿ ಡೀಸೆಲ್ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆದರೆ ಬ್ಯಾಟರಿ, ಗ್ಲೋ ಪ್ಲಗ್, ಕಂಪ್ರೆಷನ್ ಮೂರೂ ಬಹುಮಟ್ಟಿಗೆ ಚೆನ್ನಾಗಿವೆ ಎಂದರ್ಥ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಐಡಲ್‌ನಲ್ಲಿ ಆಯಿಲ್ ಮುಚ್ಚಳ ತೆಗೆದಾಗ ಅಲ್ಲಿಂದ ಹೊಗೆ ರಭಸವಾಗಿ ನುಗ್ಗಿದರೆ ರಿಂಗುಗಳು ಸವೆದಿವೆ. ಅಂಥ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಡೀಸೆಲ್ ಇಂಜೆಕ್ಟರ್‌ಗಳಿಗೆ ಒಂದು ಸರಳ ಪರೀಕ್ಷೆಯಿದೆ. ಒಳ್ಳೆಯ ಮೆಕ್ಯಾನಿಕ್ ಪ್ರತಿ ಇಂಜೆಕ್ಟರ್‌ನ ರಿಟರ್ನ್ ಪೈಪು ಬಿಡಿಸಿ, ನಾಲ್ಕಕ್ಕೂ ಒಂದೊಂದು ಪಾರದರ್ಶಕ ಬಾಟಲಿ ಸಿಕ್ಕಿಸಿ, ಕೆಲವು ನಿಮಿಷ ಎಂಜಿನ್ ಐಡಲ್‌ನಲ್ಲಿ ಬಿಡುತ್ತಾರೆ. ನಾಲ್ಕು ಬಾಟಲಿಯಲ್ಲೂ ಡೀಸೆಲ್ ಮಟ್ಟ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದರಲ್ಲಿ ಮಾತ್ರ ದುಪ್ಪಟ್ಟು ತುಂಬಿದರೆ ಆ ಇಂಜೆಕ್ಟರ್ ಒಳಗೆ ಸವೆದಿದೆ. ಸ್ವಲ್ಪ ಹೊತ್ತಿನ ಈ ಕೆಲಸ ಸಾವಿರಾರು ರೂಪಾಯಿ ಉಳಿಸುತ್ತದೆ. ಇದಕ್ಕೆ ಒಪ್ಪದ ಮಾರಾಟಗಾರರ ಗಾಡಿಯನ್ನು ಬಿಟ್ಟುಬಿಡಬೇಕು.

ಪೆಟ್ರೋಲ್ ಗಾಡಿಗೆ ಕಂಪ್ರೆಷನ್ ಗೇಜ್ ಹಾಕಿಸಿ ನೋಡಬೇಕು. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ. 10 ಕಡಿಮೆ. ಅಲ್ಲಿ ಚದರ ಸೆಂ.ಮೀ.ಗೆ 13 ಕೆ.ಜಿ. ತೋರಿಸುವ ಆರೋಗ್ಯವಂತ ಎಂಜಿನ್ ಇಲ್ಲಿ 11.7ರ ಆಸುಪಾಸು ತೋರಿಸುತ್ತದೆ. ಅದನ್ನು ಕಂಡು ಬೋರ್ ಕೆಲಸಕ್ಕೆ ಬಂದಿದೆ ಎನ್ನುವವರ ಮಾತು ನಂಬಬೇಕಾಗಿಲ್ಲ. ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವೇ ಮುಖ್ಯ. ಇದೇ ಕಾರಣಕ್ಕೆ ಟರ್ಬೊ ಇಲ್ಲದ ಪೆಟ್ರೋಲ್ ಕಾರು ಇಲ್ಲಿ ಕರಾವಳಿಗಿಂತ ತುಸು ಮಂದವಾಗಿ ಎಳೆಯುತ್ತದೆ. ಟರ್ಬೊ ಡೀಸೆಲ್‌ನಲ್ಲಿ ಆ ಕೊರತೆ ಅಷ್ಟು ಕಾಣದು.

ಗಾಡಿಯ ಪೂರ್ವಾಪರವನ್ನೂ ವಿಚಾರಿಸಬೇಕು. ಕೆಎ-13 ಹಾಸನದ ನೋಂದಣಿ, ಕೆಎ-46 ಘಾಟಿಯ ಬಳಿಯ ಸಕಲೇಶಪುರದ್ದು. ಘಾಟಿಯಲ್ಲೇ ಓಡಿದ ಗಾಡಿಯಲ್ಲಿ ಕ್ಲಚ್, ಬ್ರೇಕ್ ಸವೆತ ಮೊದಲು ನೋಡಬೇಕು. ಡಿಜೈರ್, ಎಟಿಯೋಸ್‌ಗಳು ಟ್ಯಾಕ್ಸಿಯಾಗಿ ಬಹಳ ದುಡಿದ ಗಾಡಿಗಳು. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬಂದಿದೆಯೇ ಎಂಬುದನ್ನು ದಾಖಲೆಯಲ್ಲಿ ಪರಿಶೀಲಿಸಬೇಕು; ಮೀಟರಿನ ಅಂಕಿ ತಿರುಗಿಸುವುದು ಸುಲಭ, ಸವೆದ ಪೆಡಲ್ ರಬ್ಬರ್ ಮತ್ತು ಸ್ಟೀರಿಂಗ್ ಚಕ್ರ ಸುಳ್ಳು ಹೇಳುವುದಿಲ್ಲ. ನೆರೆಯಲ್ಲಿ ಮುಳುಗಿದ ಗಾಡಿಯಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಕೆಸರಿನ ಗೆರೆ ಕಾಣುತ್ತದೆ.

ಟ್ಯೂನಿಂಗ್

ಕಾರ್ಬ್ಯುರೇಟರ್ ಕಾಲದಲ್ಲಿ ಟ್ಯೂನಿಂಗ್ ಎಂದರೆ ಪಾಯಿಂಟ್ ಗ್ಯಾಪ್, ಟೈಮಿಂಗ್, ಟ್ಯಾಪೆಟ್ ಸರಿಮಾಡಿ, ಸ್ಕ್ರೂ ತಿರುಗಿಸಿ ಐಡಲ್ ಕೂರಿಸುವುದು. ಇಂಜೆಕ್ಷನ್ ಗಾಡಿಗಳಲ್ಲಿ ಈ ಹೆಚ್ಚಿನ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ. ಮನುಷ್ಯ ಮಾಡಬೇಕಾದದ್ದು ಅದಕ್ಕೆ ಸರಿಯಾದ ಗಾಳಿ, ಇಂಧನ, ಕಿಡಿ ಒದಗಿಸುವುದು. ಪೆಟ್ರೋಲ್‌ಗೆ ಹೊಸ ಪ್ಲಗ್, ಏರ್ ಫಿಲ್ಟರ್, ಥ್ರಾಟಲ್ ಬಾಡಿ ಸ್ವಚ್ಛತೆ, ಆಕ್ಸಿಜನ್ ಸೆನ್ಸರ್ ಪರೀಕ್ಷೆ. ಡೀಸೆಲ್‌ಗೆ ಡೀಸೆಲ್ ಫಿಲ್ಟರ್, ಅದರ ತಳದ ನೀರು ಬಸಿಯುವುದು, ಇಜಿಆರ್ ಸ್ವಚ್ಛತೆ, ಟರ್ಬೊ ಪೈಪುಗಳ ಸೋರಿಕೆ ಮುಚ್ಚುವುದು. ಹಳ್ಳಿಯ ಮಣ್ಣುರಸ್ತೆಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರನ್ನು ಕಂಪನಿ ಹೇಳಿದ್ದಕ್ಕಿಂತ ಬೇಗ ಬದಲಿಸಬೇಕು. ಇಷ್ಟರಿಂದಲೇ ಬಹುಪಾಲು ಗಾಡಿಗಳ ಕಳೆದುಹೋದ ಪಿಕಪ್ ಮರಳುತ್ತದೆ.

ಆ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ, ಅಂದರೆ ಇಸಿಯು ರೀಮ್ಯಾಪ್ ಮಾಡಿಸಿ, ಶಕ್ತಿ ಹೆಚ್ಚಿಸುವ ಆಸೆ ಯುವಕರಲ್ಲಿದೆ. ಅದೇ 1248 ಸಿಸಿ ಎಂಜಿನ್ ಎಸ್‌ಎಕ್ಸ್4 ಕಾರಿನಲ್ಲಿ 90 ಪಿಎಸ್ ಕೊಡುತ್ತದಲ್ಲ ಎಂಬ ವಾದವೂ ಇದೆ. ಆದರೆ ಆ ಕಾರಿನಲ್ಲಿರುವುದು ರೆಕ್ಕೆಯ ಕೋನ ಬದಲಾಗುವ ಬೇರೆಯೇ ಟರ್ಬೊ. ಲಕ್ಷ ಕಿಲೋಮೀಟರ್ ದಾಟಿದ ಡಿಜೈರ್‌ಗೆ ಬರೀ ಸಾಫ್ಟ್‌ವೇರ್‌ನಿಂದ ಆ ಭಾರ ಹೊರಿಸಿದರೆ ಮೊದಲು ಕ್ಲಚ್ ಜಾರುತ್ತದೆ, ಬಳಿಕ ಟರ್ಬೊ ಸೊರಗುತ್ತದೆ. ಕುಟುಂಬದ ಕಾರಿಗೆ ಇದು ಖಂಡಿತ ಬೇಡ. ಭಾರತ್ ಸ್ಟೇಜ್ 4 ಗಾಡಿಗೆ ಎಮಿಷನ್ ಮಿತಿ ಪೆಟ್ರೋಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 0.3, ಡೀಸೆಲ್‌ನಲ್ಲಿ ಹೊಗೆಯ ದಟ್ಟಣೆ 50 ಹಾರ್ಟ್‌ರಿಡ್ಜ್ ಘಟಕ. ಟ್ಯೂನಿಂಗ್ ಆದ ಮೇಲೆ ಎಮಿಷನ್ ಪರೀಕ್ಷೆಯ ಚೀಟಿಯಲ್ಲಿ ಬರುವ ಅಂಕಿಯೇ ಮೆಕ್ಯಾನಿಕ್‌ನ ಕೆಲಸಕ್ಕೆ ಸಾಕ್ಷಿ.

ದಾಖಲೆ

ಖಾಸಗಿ ಕಾರಿನ ನೋಂದಣಿ 15 ವರ್ಷ, ಬಳಿಕ ಐದೈದು ವರ್ಷಕ್ಕೆ ನವೀಕರಣ. ದೆಹಲಿಯ ಡೀಸೆಲ್ ಗಾಡಿಗಳ ಹತ್ತು ವರ್ಷದ ಮಿತಿ ಕರ್ನಾಟಕಕ್ಕಿಲ್ಲ. ಹೊರರಾಜ್ಯದ ಗಾಡಿ ಅಗ್ಗವೆಂದು ತಂದರೆ ಆ ರಾಜ್ಯದ ನಿರಾಕ್ಷೇಪಣಾ ಪತ್ರದ (ಎನ್‌ಒಸಿ) ಜೊತೆಗೆ ಇಲ್ಲಿನ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. ರಾಜ್ಯದೊಳಗಿನ ಮಾರಾಟದ ವಿಷಯವನ್ನು ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಅದಕ್ಕೆ ನಮೂನೆ 29 ಮತ್ತು 30. ಮಾರಿದವರು ಇದನ್ನು ಕೊಂಡವರಿಗೇ ಬಿಟ್ಟು ಸುಮ್ಮನಿರಬಾರದು: ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ.